ಮುಂದಿನ ಕಂತು ಯಾವಾಗ?

ವೆಬ್‌ಕಾಮಿಕ್ ಬರೆಯುವವರ ಪುಟ ತೆರೆದರೆ ಚಿತ್ರಕಥೆಯ ಕಂತುಗಳ ನಡುವೆ ಆಗಾಗ ಚಿತ್ರವೇ ಇಲ್ಲದ ಒಂದು ಬರಹ ಸಿಗುತ್ತದೆ. ಈ ವಾರ ಕಂತು ಇಲ್ಲ, ಜ್ವರ. ಪುಸ್ತಕ ಪ್ರೆಸ್ಸಿಗೆ ಹೋಗಿದೆ, ಹದಿನೈದು ದಿನದಲ್ಲಿ ಕೈಗೆ ಬರುತ್ತದೆ. ಮುಂದಿನ ತಿಂಗಳಿಂದ ಮಂಗಳವಾರದ ಬದಲು ಶುಕ್ರವಾರ. ಕೊನೆಗೆ, ಇಷ್ಟು ದಿನ ಜೊತೆಗಿದ್ದುದಕ್ಕೆ ಎಲ್ಲರಿಗೂ ಧನ್ಯವಾದ. ಬಹಳ ಮಂದಿ ಇದನ್ನು ಬೆರಳಲ್ಲಿ ಮೇಲಕ್ಕೆ ತಳ್ಳಿ ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತಾರೆ. ನನಗೆ ಮಾತ್ರ ಕಥೆಗಿಂತ ಈ ಬರಹದ ಮೇಲೇ ಕಣ್ಣು. ಕಲಾವಿದರ ಹೊಟ್ಟೆಪಾಡು, ಹೆದರಿಕೆ, ಲೆಕ್ಕಪತ್ರ ಎಲ್ಲ ಅಲ್ಲಿ ಹಣಿಕಿ ನೋಡುತ್ತಿರುತ್ತವೆ.

ವೆಬ್‌ಕಾಮಿಕ್ ಅಂದರೆ ಪತ್ರಿಕೆಯ ಹಂಗಿಲ್ಲದೆ ನೇರವಾಗಿ ಅಂತರ್ಜಾಲದಲ್ಲಿ ಕಂತುಕಂತಾಗಿ ಬರುವ ಚಿತ್ರಕಥೆ. ಸಂಪಾದಕರು ಇಲ್ಲ, ಏಜೆಂಟರು ಇಲ್ಲ, ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯೂ ಬೇಕಿಲ್ಲ. ಜಗತ್ತಿಗೆ ಇದು ಹೊಸದೇನಲ್ಲ. 1985ರಲ್ಲೇ ಅಮೆರಿಕದ ಎರಿಕ್ ಮಿಲಿಕಿನ್ ಎಂಬಾತ ಕಂಪ್ಯೂಸರ್ವ್ ಎಂಬ ಆಗಿನ ಕಂಪ್ಯೂಟರ್ ಜಾಲದಲ್ಲಿ ಚಿತ್ರಕಥೆ ಹಾಕಿದ್ದ. 2004ರಲ್ಲಿ ಕೊರಿಯಾದ ನೇವರ್ ಕಂಪನಿ ‘ವೆಬ್‌ಟೂನ್’ ಶುರುಮಾಡಿತು. ಮೇಲಿನಿಂದ ಕೆಳಕ್ಕೆ ಜಾರಿಸುತ್ತ ಓದುವ ಅದರ ಉದ್ದನೆಯ ರೂಪ ಮುಂದೆ ಮೊಬೈಲಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. 2005ರಲ್ಲಿ ರ್‍ಯಾಂಡಲ್ ಮನ್ರೋ ಕಡ್ಡಿಯಂಥ ಮನುಷ್ಯರನ್ನು ಬರೆದು ‘ಎಕ್ಸ್‌ಕೆಸಿಡಿ’ ಆರಂಭಿಸಿದ. ಗಣಿತ, ಭೌತಶಾಸ್ತ್ರ ಬಲ್ಲವರೆಲ್ಲ ಅದರ ಬೆನ್ನು ಹತ್ತಿದರು. ನಮ್ಮ ಬೆಂಗಳೂರಿನ ರಚಿತಾ ತನೇಜಾ 2014ರಲ್ಲಿ ಅಂಥದೇ ಕಡ್ಡಿಗೊಂಬೆಗಳಿಂದ ‘ಸ್ಯಾನಿಟರಿ ಪ್ಯಾನೆಲ್ಸ್’ ಶುರುಮಾಡಿದರು. 2020ರಲ್ಲಿ ಅದು ಸುಪ್ರೀಂ ಕೋರ್ಟಿನ ನ್ಯಾಯಾಂಗ ನಿಂದನೆಯ ಪ್ರಕರಣದವರೆಗೂ ಹೋಯಿತು. ಕಡ್ಡಿಗೊಂಬೆಗೂ ಅಷ್ಟು ಕಸುವಿದೆ.

ಇಲ್ಲಿ ಹಾವೇರಿ ಕಡೆಯವರು ಕೇಳುವ ಪ್ರಶ್ನೆ ನನಗೆ ಗೊತ್ತು. ‘ಇದೆಲ್ಲ ಬೆಂಗಳೂರು, ಅಮೆರಿಕದ ಮಾತಾತಲ್ಲ, ಕರ್ಜಗಿಗೇನು ಸಂಬಂಧ?’ ಸಂಬಂಧ ಇದೆ, ಮತ್ತು ಅದು ಬಹಳ ಹಳೆಯದು.

ಬ್ರಿಟಿಷರ ಕಾಲದ ಮುಂಬಯಿ ಪ್ರಾಂತದ ಕಾಗದಪತ್ರಗಳಲ್ಲಿ ನಮ್ಮದು ಧಾರವಾಡ ಜಿಲ್ಲೆಯ ಕರ್ಜಗಿ ತಾಲೂಕು. ಕಚೇರಿ ಇದ್ದದ್ದು ಹಾವೇರಿಯಲ್ಲಿ, ಹೆಸರು ಮಾತ್ರ ಕರ್ಜಗಿಯದು. ಕರ್ಜಗಿಯ ಮಗ್ಗುಲಲ್ಲಿ ಹರಿಯುವ ವರದೆ ಮುಂದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. ಆ ಸಂಗಮದ ಊರಿನವರು ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಇವರನ್ನು ಕನ್ನಡ ನಾಡು ಊರಿನ ಹೆಸರಿನಿಂದಲೇ, ಗಳಗನಾಥರು ಎಂದು ಕರೆಯಿತು. ಶಾಲಾ ಮಾಸ್ತರಿಕೆ ಮಾಡಿದವರು. ‘ಪ್ರಬುದ್ಧ ಪದ್ಮನಯನೆ’ ಎಂಬ ಅವರ ಮೊದಲ ಕಾದಂಬರಿ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೇ ಬಂದಿತ್ತು. ಆಮೇಲೆ ಹಾವೇರಿ ಹತ್ತಿರದ ಅಗಡಿಯ ಆನಂದವನದಲ್ಲಿ ನೆಲೆನಿಂತು ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ನಡೆಸಿದರು. 1907ರ ಸುಮಾರಿನ ಮಾತು. ಮುಂದೆ ‘ಸದ್ಗುರು’ ಎಂಬ ಇನ್ನೊಂದು ಪತ್ರಿಕೆಯನ್ನೂ ನಡೆಸಿದರು.

ಆ ಕಾಲಕ್ಕೆ ಧಾರವಾಡ ಸೀಮೆಯಲ್ಲಿ ಓದುವ ಮಂದಿ ಕೈಯಲ್ಲಿ ಹಿಡಿಯುತ್ತಿದ್ದದ್ದು ಹೆಚ್ಚಾಗಿ ಮರಾಠಿ. ನಾಟಕ ಮರಾಠಿ, ಕಾದಂಬರಿ ಮರಾಠಿ. ಪುಣೆಯಲ್ಲಿ ಹರಿ ನಾರಾಯಣ ಆಪಟೆ 1890ರಿಂದ ‘ಕರಮಣೂಕ’ ವಾರಪತ್ರಿಕೆ ನಡೆಸುತ್ತ ತಮ್ಮ ಕಾದಂಬರಿಗಳನ್ನು ಅದರಲ್ಲಿ ಕಂತುಗಳಾಗಿ ಹಾಕುತ್ತಿದ್ದರು. ಮುಂದೇನಾಯಿತು ಎಂಬ ಕುತೂಹಲವೇ ಪತ್ರಿಕೆಗೆ ವರ್ಗಣಿ ತರುತ್ತಿತ್ತು. ಗಳಗನಾಥರು ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಅವರ ಕಥನದ ಪಟ್ಟುಗಳನ್ನೂ ಕಲಿತರು. ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾ ವಿಲಾಸ’ವನ್ನು 1923ರಲ್ಲಿ ಸ್ವಂತವಾಗಿ ಬರೆದರು. ಕಾದಂಬರಿ ಬರೆಯುವುದು ಅರ್ಧ ಕೆಲಸ. ಉಳಿದರ್ಧವನ್ನೂ ಅವರೇ ಮಾಡಿದರು: ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ, ಮನೆಮನೆಯ ಕಟ್ಟೆಯ ಮೇಲೆ ಕೂತು ಮಾರಿದರು. ಇದನ್ನು ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತಾರೆ, ಕನ್ನಡಕ್ಕಾಗಿ ಪಟ್ಟ ಕಷ್ಟ ಎಂದು. ಹೆಮ್ಮೆ ಇರಲಿ. ನನಗೆ ಅದರಲ್ಲಿ ತ್ಯಾಗದಷ್ಟೇ ವ್ಯವಹಾರದ ಜಾಣತನವೂ ಕಾಣುತ್ತದೆ. ಕಟ್ಟೆಯ ಮೇಲೆ ಕೂತ ಲೇಖಕರಿಗೆ ಯಾರು ಕೊಂಡರು, ಯಾರು ಕೊಂಡು ಓದಲಿಲ್ಲ, ಯಾರ ಮನೆಯ ಹೆಣ್ಣುಮಕ್ಕಳು ಮುಂದಿನ ಪುಸ್ತಕ ಯಾವಾಗ ಬರುತ್ತದೆ ಎಂದು ಕೇಳಿದರು ಎಂಬುದೆಲ್ಲ ಖುದ್ದಾಗಿ ತಿಳಿಯುತ್ತದೆ. ಮುಂಬಯಿ, ಪುಣೆಯ ಯಾವ ಪ್ರಕಾಶಕರ ಹತ್ತಿರವೂ ಅಂಥ ಖಾತೆಪುಸ್ತಕ ಇರಲು ಸಾಧ್ಯವಿರಲಿಲ್ಲ.

ಆ ಕಾಲದ ಮಾಸಪತ್ರಿಕೆಗಳಿಗೆ ಬದುಕಲು ಇದ್ದ ದಾರಿ ಒಂದೇ. ವರ್ಷದ ವರ್ಗಣಿ ಮುಂಗಡ ಬರಬೇಕು. ಬಾರದಿದ್ದರೆ ಸಂಚಿಕೆಯನ್ನು ವ್ಹಿ.ಪಿ. ಮಾಡಿ ಕಳಿಸಬೇಕು. ಅಂಚೆಯವ ಮನೆಗೆ ತಂದಾಗ ದುಡ್ಡು ಕೊಟ್ಟು ಬಿಡಿಸಿಕೊಂಡರೆ ಸೈ. ಬೇಡ ಎಂದು ತಿರುಗಿಸಿದರೆ ಹೋಗುವ ಖರ್ಚೂ ಬರುವ ಖರ್ಚೂ ಪತ್ರಿಕೆಯ ತಲೆಗೇ. ಹಾಗಾಗಿ ಹಳೆಯ ಕನ್ನಡ ಮಾಸಿಕಗಳಲ್ಲಿ ‘ವಾಚಕರಲ್ಲಿ ವಿಜ್ಞಾಪನೆ’ ಎಂಬ ಪುಟ ಇದ್ದೇ ಇರುತ್ತಿತ್ತು. ಕಾಗದದ ಬೆಲೆ ಏರಿದೆ, ಸಂಚಿಕೆ ತಡವಾಯಿತು, ವರ್ಗಣಿದಾರರು ಬಾಕಿ ಕಳಿಸಿ ಉಪಕರಿಸಬೇಕು, ಮುಂದಿನ ತಿಂಗಳಿಂದ ಹೊಸ ಕಥೆ ಶುರು. ವೆಬ್‌ಕಾಮಿಕ್ ಕಲಾವಿದರು ಈಗ ಹಾಕುವ ಸುದ್ದಿ-ಧನ್ಯವಾದದ ಬರಹವನ್ನು ಅದರ ಪಕ್ಕದಲ್ಲಿಟ್ಟು ಓದಿ ನೋಡಿ. ವಿನಯದ ಮಾತು ಬದಲಾಗಿದೆ, ವಿಷಯ ಹಾಗೇ ಇದೆ.

ನಡುವಿನ ಐವತ್ತು ಅರವತ್ತು ವರ್ಷ ಈ ವಿಜ್ಞಾಪನೆಯ ಅಗತ್ಯ ಕಲಾವಿದರಿಗೆ ಬೀಳಲಿಲ್ಲ. ದೊಡ್ಡ ಪತ್ರಿಕೆಗಳು ಬಂದವು. ವ್ಯಂಗ್ಯಚಿತ್ರಕಾರರಿಗೆ ಸಂಬಳ ಅಥವಾ ಸಂಭಾವನೆ, ಚಿತ್ರಕ್ಕೆ ಗೊತ್ತಾದ ಮೂಲೆ. ಡಾ. ಎಂ. ಶಿವರಾಂ, ಅಂದರೆ ರಾಶಿಯವರು, 1942ರಲ್ಲಿ ಕೊರವಂಜಿ ಆರಂಭಿಸಿ ಇಪ್ಪತ್ತೈದು ವರ್ಷ ನಡೆಸಿದರು. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದುಕೊಟ್ಟವರಲ್ಲೊಬ್ಬರು. ಚಿತ್ರಕಥೆಯಲ್ಲಂತೂ ಕನ್ನಡ ಒಂದು ಹೆಜ್ಜೆ ಮುಂದೇ ಇತ್ತು. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಂ ಅವರ ಮುತುವರ್ಜಿಯಿಂದ ‘ಅಮರ ಚಿತ್ರ ಕಥೆ’ಯ ಹೆಸರಿನಲ್ಲಿ ಮೊದಲು ಬಂದ ಪುಸ್ತಕಗಳು ಕನ್ನಡದವೇ, ಪಶ್ಚಿಮದ ಕಿನ್ನರ ಕಥೆಗಳ ಅನುವಾದ. ಪುರಾಣ ಪುರುಷರೆಲ್ಲ ಆಮೇಲೆ ಬಂದವರು. ಇನ್ನು ಬಾಲಮಂಗಳದ ಡಿಂಗನನ್ನು ಓದದೆ ದೊಡ್ಡವರಾದವರು ನಮ್ಮ ತಲೆಮಾರಿನ ಹಿಂದುಮುಂದಿನವರಲ್ಲಿ ಎಷ್ಟು ಮಂದಿ ಇದ್ದಾರು! ಆದರೆ ಡಿಂಗನನ್ನು ಬರೆದವರು ಯಾರು ಎಂದು ಯಾರನ್ನಾದರೂ ಕೇಳಿ ನೋಡಿ. ಪತ್ರಿಕೆ ಮಧ್ಯೆ ಬಂದು ನಿಂತಾಗ ಕಲಾವಿದರಿಗೆ ಸಂಭಾವನೆ ಸಿಕ್ಕಿತು, ಓದುಗರ ಪರಿಚಯ ತಪ್ಪಿತು.

ಈಗ ಆ ಮೂಲೆಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಕುಂದಾಪುರದ ಸತೀಶ್ ಆಚಾರ್ಯ ಅವರದು ಎಲ್ಲರ ಎದುರಿಗೆ ನಡೆದ ಕಥೆ. ಮುಂಬಯಿಯಲ್ಲಿ ಪತ್ರಿಕೆಯ ಕೆಲಸ ಮಾಡಿ ಊರಿಗೆ ಮರಳಿ, ಕುಂದಾಪುರದಲ್ಲೇ ಕೂತು ದೆಹಲಿಯ ಇಂಗ್ಲಿಷ್ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದರು. 2018ರಲ್ಲಿ ನೆರೆರಾಷ್ಟ್ರಗಳಲ್ಲಿ ಚೀನಾದ ಪ್ರಭಾವ ಹಬ್ಬುವುದನ್ನು ಕುರಿತ ಅವರ ಒಂದು ಚಿತ್ರವನ್ನು ಪತ್ರಿಕೆ ಒಪ್ಪಲಿಲ್ಲ. ಅಲ್ಲಿಗೆ ಅವರ ಜಾಗವೇ ನಿಂತುಹೋಯಿತು. ಆ ಸುದ್ದಿಯನ್ನು ಅವರು ತಾವೇ ಓದುಗರಿಗೆ ತಿಳಿಸಿದರು, ತಿರಸ್ಕೃತವಾದ ಚಿತ್ರವನ್ನೂ ತೋರಿಸಿದರು. ಬಹಳ ಜನ ಅದನ್ನು ನೋಡಿದರು. ಅಲ್ಲಿಂದೀಚೆಗೆ ಅವರು ಸ್ವತಂತ್ರರು. ದಿನದ ಚಿತ್ರ ಸಾಮಾಜಿಕ ಜಾಲತಾಣಕ್ಕೆ, ಆಗಾಗ ಪುಸ್ತಕ, ಬೆಂಬಲ ಓದುಗರದು. ಕುಂದಾಪುರದಲ್ಲಿ 2014ರಿಂದ ಅವರು ನಡೆಸುತ್ತ ಬಂದ ‘ಕಾರ್ಟೂನು ಹಬ್ಬ’ವೂ ಒಂದು ಬಗೆಯಲ್ಲಿ ಓದುಗರಿಗೆ ಸಲ್ಲಿಸುವ ಧನ್ಯವಾದವೇ. ಅಲ್ಲಿ ಶಾಲೆಯ ಮಕ್ಕಳು ವ್ಯಂಗ್ಯಚಿತ್ರಕಾರರ ಕೈಯ ಪಕ್ಕದಲ್ಲೇ ಕೂತು ಗೆರೆ ಎಳೆಯುವುದನ್ನು ನೋಡುತ್ತಾರೆ.

ದುಡ್ಡಿನ ಮಾತಿಗೆ ಬರೋಣ. ಕರ್ಜಗಿಯ ಒಬ್ಬ ಹುಡುಗಿ, ಹಾವೇರಿಯ ಕಾಲೇಜಿಗೆ ಹೋಗಿಬರುತ್ತ ಸಣ್ಣ ಟ್ಯಾಬಿನಲ್ಲಿ ಚಿತ್ರಕಥೆ ಬರೆಯುತ್ತಾಳೆ ಎಂದಿಟ್ಟುಕೊಳ್ಳಿ. ಕಾರಹುಣ್ಣಿಮೆಯ ಎತ್ತು, ವರದೆಯ ನೆರೆ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಘಾಟಿಗೆ ಸೀನಿ ಸೀನಿ ಚೀಲ ಹೊರುವ ಹಮಾಲರು: ವಸ್ತುವಿಗೇನೂ ಬರಗಾಲವಿಲ್ಲ. ಹಾಕಿದ ಕಂತನ್ನು ಸಾವಿರಾರು ಜನ ನೋಡುತ್ತಾರೆ, ನೂರಾರು ಜನ ಮೆಚ್ಚುಗೆ ಒತ್ತುತ್ತಾರೆ. ಅದರಿಂದ ಆಕೆಯ ಕೈಗೆ ಬರುವುದು ಸೊನ್ನೆ. ಜಾಹೀರಾತಿನ ಹಣ ಜಾಲತಾಣದ ಪಾಲು. ಕನ್ನಡದ ಸಣ್ಣ ಪುಟಕ್ಕೆ ಅದರಲ್ಲಿ ಸಿಗುವ ಚೂರು ಟ್ಯಾಬಿನ ಕಡ್ಡಿಯ ತುದಿ ಬದಲಿಸುವುದಕ್ಕೂ ಸಾಲದು. ಹಾಗಿದ್ದ ಮೇಲೆ ವೆಬ್‌ಕಾಮಿಕ್‌ನವರು ಬದುಕುವುದು ಹೇಗೆ?

2008ರಲ್ಲಿ ಕೆವಿನ್ ಕೆಲ್ಲಿ ಎಂಬ ಅಮೆರಿಕದ ಲೇಖಕ ಇದಕ್ಕೊಂದು ಲೆಕ್ಕ ಹೇಳಿದ. ಕಲಾವಿದರಿಗೆ ಲಕ್ಷಾಂತರ ಅಭಿಮಾನಿಗಳು ಬೇಡ. ಸಾವಿರ ಜನ ನಿಜವಾದ ಅಭಿಮಾನಿಗಳು ಸಾಕು. ಒಬ್ಬೊಬ್ಬರೂ ವರ್ಷಕ್ಕೆ ನೂರು ಡಾಲರ್ ಕೊಟ್ಟರೆ ಒಂದು ಲಕ್ಷ ಡಾಲರ್. ಹಾವೇರಿ ಜಿಲ್ಲೆಗೆ ಈ ಲೆಕ್ಕವನ್ನು ಹಾಗೇ ತರಲಾಗದು. ಮುನ್ನೂರು ಮಂದಿ ತಿಂಗಳಿಗೆ ಐವತ್ತು ರೂಪಾಯಿ ಕೊಟ್ಟರೂ ಹದಿನೈದು ಸಾವಿರ. ಕರ್ಜಗಿಯಲ್ಲಿ ಮನೆಯಿಂದಲೇ ಕೂತು ಬರೆಯುವವಳಿಗೆ ಅದು ಕಡಿಮೆಯೇನಲ್ಲ. ಕಷ್ಟ ಇರುವುದು ಆ ಮುನ್ನೂರರಲ್ಲಿ. ನೋಡುವವರು ಹತ್ತು ಸಾವಿರ ಇದ್ದಾಗಲೂ ಕೊಡುವವರು ಮುನ್ನೂರು ಸಿಗುವುದು ಖಾತ್ರಿಯಿಲ್ಲ. ಸಿಕ್ಕರೂ ಆರು ತಿಂಗಳಿಗೆ ಅರ್ಧ ಮಂದಿ ಮರೆಯುತ್ತಾರೆ. ಮರೆಯದ ಹಾಗೆ ನೋಡಿಕೊಳ್ಳುವ ಉಪಾಯ ಒಂದೇ: ಸುದ್ದಿ ಹೇಳುತ್ತಿರುವುದು.

ಹಣ ಕಳಿಸುವ ದಾರಿಯಲ್ಲೂ ಕಲ್ಲುಮುಳ್ಳಿವೆ. ಪೇಟ್ರಿಯಾನ್ ಎಂಬ ಅಮೆರಿಕದ ತಾಣ 2013ರಿಂದ ಕಲಾವಿದರಿಗೆ ತಿಂಗಳ ವರ್ಗಣಿ ಕೂಡಿಸಿಕೊಡುತ್ತದೆ. ಓದುಗರ ಕಾರ್ಡಿನಿಂದ ತಿಂಗಳಿಗೊಮ್ಮೆ ತಾನಾಗಿ ಹಣ ಮುರಿದುಕೊಳ್ಳುವುದು ಅದರ ಪದ್ಧತಿ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕು ಹಾಗೆ ತಾನಾಗಿ ಮುರಿದುಕೊಳ್ಳುವ ವ್ಯವಹಾರಕ್ಕೆ ಬಿಗಿ ನಿಯಮ ತಂದಿತು: ಗ್ರಾಹಕರ ಒಪ್ಪಿಗೆ ಬೇಕು, ಮುಂಚೆ ತಿಳಿಸಬೇಕು. ಗ್ರಾಹಕರ ರಕ್ಷಣೆಗೆ ಒಳ್ಳೆಯದೇ. ಆದರೆ ಹೊರದೇಶದ ಬಹಳಷ್ಟು ಕಂಪನಿಗಳು ಕೂಡಲೇ ಹೊಂದಿಕೊಳ್ಳಲಿಲ್ಲ, ಭಾರತದ ಓದುಗರ ಸಣ್ಣ ಸಣ್ಣ ವರ್ಗಣಿಗಳು ರಾತ್ರೋರಾತ್ರಿ ಅರ್ಧಕ್ಕೇ ನಿಂತವು. ಯುಪಿಐ ಬಂದು ನಮ್ಮವರಿಗೆ ಬೇರೆ ಬಾಗಿಲು ತೆರೆದಿದೆ; ಚಹಾದ ಅಂಗಡಿಗೆ ಹತ್ತು ರೂಪಾಯಿ ಕಳಿಸುವವರು ಕಲಾವಿದೆಗೂ ಅದೇ ಫೋನಿನಿಂದ ಕಳಿಸಬಹುದು. ನಡುವೆ ಪಾಲು ಕೇಳುವವರಿಲ್ಲ. ಹಾಗೆಯೇ, ಬಾಕಿ ನೆನಪಿಸುವವರೂ ಇಲ್ಲ. ಆ ಕೆಲಸ ಮತ್ತೆ ಕಲಾವಿದೆಯ ಮೇಲೇ ಬಿತ್ತು.

ಪುಸ್ತಕ ಮಾಡಿದರೆ ಒಂದಷ್ಟು ಗಟ್ಟಿ ಹಣ ಬರುತ್ತದೆ. ಇದರಲ್ಲಿ ಎಲ್ಲರೂ ಹೇಳುವ ಉದಾಹರಣೆ ಅಮೆರಿಕದ ರಿಚ್ ಬರ್ಲ್ಯೂ. ‘ದಿ ಆರ್ಡರ್ ಆಫ್ ದಿ ಸ್ಟಿಕ್’ ಎಂಬ ಆತನ ವೆಬ್‌ಕಾಮಿಕ್‌ನ ಹಳೆಯ ಸಂಪುಟಗಳು ಮುಗಿದುಹೋಗಿದ್ದವು. 2012ರ ಆರಂಭದಲ್ಲಿ ಮರುಮುದ್ರಣಕ್ಕೆ 57,750 ಡಾಲರ್ ಬೇಕು ಎಂದು ಓದುಗರನ್ನು ಕೇಳಿದ. 14,952 ಜನ ಸೇರಿ 12,54,120 ಡಾಲರ್ ಕೊಟ್ಟರು. ಕೇಳಿದ್ದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು! ಈ ಅಂಕಿಯನ್ನು ಕೇಳಿದವರೆಲ್ಲ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ಭಾಗ ನನಗೆ ಹೆಚ್ಚು ಮುಖ್ಯ. ಅಷ್ಟು ಜನಕ್ಕೆ ಮಾತು ಕೊಟ್ಟ ಅದೇ ವರ್ಷ ಆತ ಕೈಗೆ ಗಾಯ ಮಾಡಿಕೊಂಡ, ಹೆಬ್ಬೆರಳಿನ ನರಕ್ಕೇ ಪೆಟ್ಟು ಬಿತ್ತು. ಚಿತ್ರ ಬರೆಯುವವನ ಕೈ. ಕಂತು ನಿಂತಿತು, ಪುಸ್ತಕಗಳು, ಬಹುಮಾನಗಳು ತಡವಾದವು. ಆತ ಅಡಗಿ ಕೂರಲಿಲ್ಲ. ಏನಾಗಿದೆ, ಎಷ್ಟು ವಾಸಿಯಾಗಿದೆ, ಯಾವುದು ಕಳಿಸಿಯಾಯಿತು, ಯಾವುದು ಬಾಕಿ ಎಂದು ಬರೆಯುತ್ತಲೇ ಹೋದ. ಕೆಟ್ಟ ಸುದ್ದಿಯನ್ನು ಹೊತ್ತಿಗೆ ಸರಿಯಾಗಿ ಹೇಳಿದವರನ್ನು ಓದುಗರು ಬಿಟ್ಟುಹೋಗುವುದು ಕಡಿಮೆ. ಏನೂ ಹೇಳದೆ ಮೂರು ತಿಂಗಳು ಮಾಯವಾಗಿ, ಆಮೇಲೆ ಒಂದು ದೊಡ್ಡ ಧನ್ಯವಾದದೊಂದಿಗೆ ಹೊಸ ಪುಸ್ತಕ ಮಾರಲು ಬಂದವರನ್ನು ಬಿಟ್ಟುಹೋಗುತ್ತಾರೆ.

ಕಂತಿನ ಶಿಸ್ತಿನಲ್ಲಿ ಹೋವರ್ಡ್ ಟೇಲರ್‌ನನ್ನು ಮೀರಿಸಿದವರು ಕಡಿಮೆ. ಆತನ ‘ಶ್ಲಾಕ್ ಮರ್ಸಿನರಿ’ 2000ದ ಜೂನ್ 12ರಿಂದ 2020ರ ಜುಲೈ 24ರವರೆಗೆ ಒಂದು ದಿನವೂ ತಪ್ಪದೆ ಬಂತು. ಇಪ್ಪತ್ತು ವರ್ಷ, ದಿನಾ. ಮೆಚ್ಚಬೇಕಾದದ್ದೇ, ಆದರೆ ನಮ್ಮ ಹುಡುಗಿಗೆ ಇದನ್ನು ಮಾದರಿಯಾಗಿ ತೋರಿಸುವವರನ್ನು ನಾನು ದೂರ ಇಡುತ್ತೇನೆ. ಸುಗ್ಗಿಯ ದಿನ ಮನೆಯವರೆಲ್ಲ ಹೊಲದಲ್ಲಿ, ಪರೀಕ್ಷೆ ಮುಂದಿನ ವಾರ, ಕರೆಂಟು ಹೋದದ್ದು ಬಂದಿಲ್ಲ. ವಾರಕ್ಕೊಂದು ಕಂತು, ತಪ್ಪಿದಾಗ ಒಂದು ಸಾಲಿನ ಸುದ್ದಿ, ಇಷ್ಟು ಸಾಕು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತಾಪತ್ರಯವಿದೆ, ಅದನ್ನು ಇಂಗ್ಲಿಷ್ ವೆಬ್‌ಕಾಮಿಕ್‌ನವರು ಕನಸಿನಲ್ಲೂ ಕಂಡಿರಲಿಕ್ಕಿಲ್ಲ. ನಮ್ಮ ಅಕ್ಷರಕ್ಕೆ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ, ದೀರ್ಘ ಪಕ್ಕಕ್ಕೆ ಚಾಚುತ್ತದೆ. ಸಾಲುಗಳ ನಡುವೆ ಜಾಗ ಬೇಕು, ಮಾತಿನ ಬಲೂನು ಉದ್ದಗಾಗುತ್ತದೆ, ಚಿತ್ರಕ್ಕೆ ಉಳಿಯುವ ಜಾಗ ಅಷ್ಟು ಕಡಿಮೆ. ಹಳೆಯ ಚಿತ್ರ ತಂತ್ರಾಂಶಗಳಲ್ಲಿ ಯುನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಕೆಳಗೆ ಕೂಡುತ್ತಲೇ ಇರಲಿಲ್ಲ. ‘ಎತ್ತು’ ಎಂದು ಹಾಕಿದ್ದು ‘ಎತ್‌ತು’ ಎಂದು ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. ಅದಕ್ಕೇ ಎಷ್ಟೋ ಜನ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳನ್ನು ಬಿಡಲಿಲ್ಲ, ಇನ್ನು ಕೆಲವರು ಅಕ್ಷರವನ್ನೂ ಕೈಯಲ್ಲೇ ಬರೆದರು. ನನ್ನ ಮಟ್ಟಿಗೆ ಕೈಯಕ್ಷರವೇ ಚೆಂದ. ‘ಎಲ್ಲಿಗೆ ಹೊಂಟಿಯೋ ತಮ್ಮಾ?’ ಎಂದು ಒಬ್ಬ ಮುದುಕ ಬಲೂನಿನಲ್ಲಿ ಕೇಳುವಾಗ ಅಚ್ಚಿನ ಅಕ್ಷರಕ್ಕಿಂತ ಕೈ ನಡುಗಿದ ಅಕ್ಷರದಲ್ಲೇ ದನಿ ಕೇಳಿಸುತ್ತದೆ. ಆದರೆ ಕೈಯಲ್ಲಿ ಬರೆದದ್ದನ್ನು ಹುಡುಕುಯಂತ್ರ ಸುಲಭಕ್ಕೆ ಓದದು, ತಪ್ಪು ತಿದ್ದುವುದು ಕಷ್ಟ, ಬೇರೆ ಭಾಷೆಗೆ ತರುವಾಗ ಚಿತ್ರವನ್ನೇ ಮತ್ತೆ ತೊಳೆಯಬೇಕು. ಇಂಥ ಒಳಗಿನ ಸಂಗತಿಗಳನ್ನೇ ಕಲಾವಿದರು ಓದುಗರಿಗೆ ಹೇಳಬೇಕು. ‘ಈ ಕಂತಿನ ಅಕ್ಷರ ಬರೆಯಲು ಚಿತ್ರಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು’ ಎಂಬ ಒಂದು ಸಾಲು ಹತ್ತು ಧನ್ಯವಾದಗಳಿಗಿಂತ ಓದುಗರನ್ನು ಹತ್ತಿರ ತರುತ್ತದೆ.

ಧನ್ಯವಾದದ ವಿಷಯ ಬಂತಲ್ಲ, ಅದರಲ್ಲೂ ಎರಡು ತೆರ. ‘ನನ್ನ ಎಲ್ಲ ಅಭಿಮಾನಿ ದೇವರುಗಳಿಗೆ’ ಎಂದು ಸಿನಿಮಾದವರ ಧಾಟಿಯಲ್ಲಿ ಸಾರಾಸಗಟಾಗಿ ಹೇಳುವುದೊಂದು. ಯಾರು ಯಾವುದನ್ನು ಗುರುತಿಸಿದರು ಎಂದು ಹೇಳುವುದು ಇನ್ನೊಂದು. ಹಿಂದಿನ ಕಂತಿನಲ್ಲಿ ಎತ್ತಿನ ಕೊಂಬಿಗೆ ಬಣ್ಣ ಬಳಿದದ್ದು ಸರಿ, ಕೊರಳಿಗೆ ಕಟ್ಟಿದ್ದು ತಪ್ಪು ಎಂದು ಒಬ್ಬ ರೈತರು ಬರೆದು ತಿಳಿಸಿದರು, ಮುಂದಿನ ಕಂತಿನಲ್ಲಿ ತಿದ್ದಿದ್ದೇನೆ, ಉಪಕಾರವಾಯಿತು: ಹೀಗೆ. ಎರಡನೆಯದನ್ನು ಓದಿದ ರೈತರು ಆ ಕಥೆಯನ್ನು ಅರ್ಧ ತಮ್ಮದೇ ಎಂದುಕೊಳ್ಳುತ್ತಾರೆ. ಮುನ್ನೂರು ಮಂದಿಯ ಲೆಕ್ಕ ಹುಟ್ಟುವುದು ಇಂಥ ಕಡೆ. ಗಳಗನಾಥರು ಕಟ್ಟೆಯ ಮೇಲೆ ಕೂತದ್ದರ ಫಲ ಇಂದಿನ ಕಲಾವಿದೆಗೆ ಮನೆಯಲ್ಲಿ ಕೂತೇ ಸಿಗಬಹುದು, ಉತ್ತರ ಬರೆಯುವ ತಾಳ್ಮೆ ಇದ್ದರೆ. ಎಲ್ಲರಿಗೂ ಉತ್ತರ ಬರೆಯಲು ಹೋದರೆ ಚಿತ್ರಕ್ಕೆ ಹೊತ್ತು ಉಳಿಯದು, ಅದೂ ನಿಜ.

ಓದುಗರಿಗೆ ಬರೆದ ಧನ್ಯವಾದಗಳಲ್ಲಿ ಜಗತ್ತು ಮರೆಯದಿರುವುದು ಚಾರ್ಲ್ಸ್ ಶುಲ್ಟ್ಜ್‌ನದು. 1950ರ ಅಕ್ಟೋಬರ್ 2ರಂದು ಶುರುವಾದ ಆತನ ‘ಪೀನಟ್ಸ್’ ಸುಮಾರು ಐವತ್ತು ವರ್ಷ ನಡೆಯಿತು. ಕಾಯಿಲೆಯಿಂದ ಕೈಸೋತು ನಿಲ್ಲಿಸಬೇಕಾದಾಗ ಕೊನೆಯ ಭಾನುವಾರದ ಕಂತಿನಲ್ಲಿ ಸಂಪಾದಕರಿಗೂ ಓದುಗರಿಗೂ ಕೃತಜ್ಞತೆ ಹೇಳುವ ಚಿಕ್ಕ ಪತ್ರ ಬರೆದಿಟ್ಟ. ಅದು ಅಚ್ಚಾಗಿ ಬಂದದ್ದು 2000ದ ಫೆಬ್ರುವರಿ 13ರಂದು. ಆತ ತೀರಿಕೊಂಡದ್ದು ಅದರ ಹಿಂದಿನ ರಾತ್ರಿ. ಆ ಪತ್ರದಲ್ಲಿ ದೊಡ್ಡ ಮಾತು ಏನೂ ಇಲ್ಲ. ಐವತ್ತು ವರ್ಷ ದಿನಾ ಮುಖ ತೋರಿಸಿದವನಿಗೆ ದೊಡ್ಡ ಮಾತು ಬೇಕಾಗಿಯೂ ಇರಲಿಲ್ಲ.

ಇನ್ನು ಓದುಗರ ಕಡೆಯ ಮಾತು, ಇದು ಸ್ವಲ್ಪ ಖಾರ. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನಾ ಹರಿದಾಡುವ ಕನ್ನಡ ವ್ಯಂಗ್ಯಚಿತ್ರಗಳನ್ನು ಸೂಕ್ಷ್ಮವಾಗಿ ನೋಡಿ. ಬಹಳಷ್ಟರಲ್ಲಿ ಕೆಳಗಿನ ಮೂಲೆ ಕತ್ತರಿಸಿರುತ್ತದೆ. ಅಲ್ಲಿ ಇದ್ದದ್ದು ಕಲಾವಿದರ ಸಹಿ. ಕೆಲವು ಸಲ ಅದರ ಜಾಗದಲ್ಲಿ ಯಾರದೋ ಪುಟದ ಹೆಸರು, ಕೆಲವು ಸಲ ಒಂದು ಗುಲಾಬಿ ಹೂವು ಮತ್ತು ಶುಭೋದಯ. ಕತ್ತರಿಸಿದವರಿಗೆ ದುರುದ್ದೇಶ ಇರಲಾರದು, ಚಿತ್ರ ಚೌಕಕ್ಕೆ ಕೂಡಲಿ ಎಂದು ಕತ್ತರಿಸಿರಬಹುದು. ಪರಿಣಾಮ ಮಾತ್ರ ಒಂದೇ: ಹತ್ತು ಸಾವಿರ ಜನ ನಕ್ಕರು, ಒಬ್ಬರಿಗೂ ಬರೆದವರು ಯಾರೆಂದು ತಿಳಿಯಲಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮು ಕೃತಿ ತನ್ನದು ಎಂದು ಹೇಳಿಕೊಳ್ಳುವ ಹಕ್ಕನ್ನು ಲೇಖಕರಿಗೆ, ಕಲಾವಿದರಿಗೆ ಕೊಡುತ್ತದೆ. ಹಕ್ಕುಗಳನ್ನು ಮಾರಿಕೊಂಡ ಮೇಲೂ ಇದು ಉಳಿಯುತ್ತದೆ. ಆದರೆ ಕುಟುಂಬದ ಗುಂಪಿನಲ್ಲಿ ಚಿತ್ರ ಹಾಕಿದ ದೊಡ್ಡಪ್ಪನ ಮೇಲೆ ಯಾರು ಕೇಸು ಹಾಕುತ್ತಾರೆ? ಕಲಾವಿದರು ಮಾಡಿಕೊಂಡಿರುವ ಉಪಾಯ ಬೇರೆ. ಸಹಿಯನ್ನು ಮೂಲೆಯಲ್ಲಿಡದೆ ಚಿತ್ರದ ಒಳಗೇ ಬರೆಯುತ್ತಾರೆ, ಚಕ್ಕಡಿಯ ಗಾಲಿಯ ಮೇಲೆ, ಗೋಡೆಯ ಬರಹದಲ್ಲಿ, ಎತ್ತಿನ ಜೂಲಿನ ಅಂಚಿನಲ್ಲಿ. ಕತ್ತರಿಸಿದರೆ ಚಿತ್ರವೇ ಕೆಡಬೇಕು.

ಪುಸ್ತಕವನ್ನು ಓದುಗರ ಮನೆಗೆ ಮುಟ್ಟಿಸುವ ಖರ್ಚೂ ಏರಿದೆ. ಸಣ್ಣ ಪ್ರಕಾಶಕರು ನಂಬಿಕೊಂಡಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಅಗ್ಗದ ದರದಲ್ಲಿ, ತಲುಪಿದ ಗುರುತಿನೊಂದಿಗೆ ಪುಸ್ತಕ ಕಳಿಸುವ ದಾರಿ ಅದೊಂದೇ ಆಗಿತ್ತು. ನೂರೈವತ್ತು ರೂಪಾಯಿಯ ಚಿತ್ರಕಥೆ ಪುಸ್ತಕಕ್ಕೆ ಪಾರ್ಸಲ್ ಖರ್ಚು ಸೇರಿಸಿ ಹೇಳಿದರೆ ಕೊಳ್ಳುವವರು ‘ನೋಡೂಣು’ ಎನ್ನುತ್ತಾರೆ. ಆ ‘ನೋಡೂಣು’ವಿನ ಅರ್ಥ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಈಗಿನ ಕಲಾವಿದರೂ ಮತ್ತೆ ಗಂಟು ಹೊರುವ ಕಾಲ ಬಂದಿದೆ. ಸಾಹಿತ್ಯ ಸಮ್ಮೇಳನದ ಮಳಿಗೆ, ಕಾಲೇಜಿನ ಹಬ್ಬ, ಊರ ಜಾತ್ರೆಯಲ್ಲಿ ತಾವೇ ಮೇಜು ಹಾಕಿ ಕೂಡಬೇಕು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕದ ಮಳಿಗೆಗಳ ಮುಂದೆ ಹಳ್ಳಿಗಳಿಂದ ಬಂದ ಜನ ಮುಗಿಬಿದ್ದಿದ್ದರು. ಕೊಳ್ಳುವ ಮನಸ್ಸು ಇಲ್ಲಿ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಲಾವಿದರು ಎದುರಿಗೆ ನಿಂತು, ಹೆಸರು ಕೇಳಿ, ಮೊದಲ ಪುಟದಲ್ಲಿ ಒಂದು ಎತ್ತಿನ ಮುಖ ಗೀಚಿಕೊಟ್ಟರೆ ಕೊಳ್ಳುವವರಿದ್ದಾರೆ.

ಎಲ್ಲಿಂದ ಶುರುಮಾಡಲಿ, ಕಥೆ ಯಾವುದು ಎಂದು ಕೇಳುವ ಎಳೆಯರಿಗೆ ಒಂದು ಕೆಲಸಕ್ಕೆ ಬರುವ ಸಂಗತಿ ಹೇಳಬಹುದು. ನಮ್ಮ ಕಾಯಿದೆಯಲ್ಲಿ ಲೇಖಕರು ತೀರಿಕೊಂಡ ಮೇಲೆ, ಮುಂದಿನ ವರ್ಷದ ಆರಂಭದಿಂದ ಎಣಿಸಿ ಅರವತ್ತು ವರ್ಷ ಕೃತಿಸ್ವಾಮ್ಯ ನಡೆಯುತ್ತದೆ. ಗಳಗನಾಥರು ತೀರಿಕೊಂಡದ್ದು 1942ರಲ್ಲಿ. ಅವರ ಜೀವಿತಕಾಲದಲ್ಲಿ ಅಚ್ಚಾದ ಕೃತಿಗಳ ಹಕ್ಕು 2002ರ ಕೊನೆಗೇ ಮುಗಿದಿದೆ. ‘ಮಾಧವ ಕರುಣಾ ವಿಲಾಸ’ವನ್ನು ಇವತ್ತು ಯಾರು ಬೇಕಾದರೂ, 1923ರ ಪಠ್ಯವನ್ನು ಮುಂದಿಟ್ಟುಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ ಚಿತ್ರಕಥೆ ಮಾಡಬಹುದು. ಹಕ್ಕ ಬುಕ್ಕರು, ವಿದ್ಯಾರಣ್ಯರು, ಕುದುರೆ, ಕೋಟೆ, ಒಳಸಂಚು ಎಲ್ಲ ಸಿದ್ಧವಾಗಿದೆ, ಕಂತಿಗೆ ಎಲ್ಲಿ ಮುರಿಯಬೇಕು ಎಂಬುದನ್ನೂ ಆಪಟೆಯವರ ಸಾಲೆಯಲ್ಲಿ ಕಲಿತ ಗಳಗನಾಥರು ಬಲ್ಲವರಾಗಿದ್ದರು. ಹಳೆಯ ಪ್ರತಿ ಸಿಕ್ಕಬೇಕು, ಅಷ್ಟೇ. ಧಾರವಾಡದ ವಿದ್ಯಾವರ್ಧಕ ಸಂಘದಿಂದ ವಿಚಾರಣೆ ಶುರುಮಾಡಬಹುದು.